ಸಮಾಂತರ ರೇಖೆಗಳ ಇಳಿಜಾರು

ಫ್ರಾನ್ಸ್ ದೇಶದ ಡೇಕಾರ್ತನು 1637ರಲ್ಲಿ ಪ್ರಕಟಿಸಿದ ಗ್ರಂಥದ ತರುವಾಯ ರೇಖೆಯನ್ನು ಸಮೀಕರಣವಾಗಿ ಕಾಣುವ ಮಾರ್ಗವು ಪ್ರಚಾರಕ್ಕೆ ಬಂದುದು ವಿದಿತವೇ ಆಗಿದೆ. ಈ ಮಾರ್ಗದಲ್ಲಿ ಇಳಿಜಾರೆಂದರೆ ರೇಖೆಯ ಮೇಲಣ ಎರಡು ಬಿಂದುಗಳ ನಡುವಣ ಏರಿಕೆಯನ್ನು ಅಡ್ಡದೂರದಿಂದ ಭಾಗಿಸಿದ ಲಬ್ಧವು; ಲೀಲಾವತಿಯ ಪರಿಭಾಷೆಯಲ್ಲಿ, ಕೋಟಿಯನ್ನು ಭುಜದಿಂದ ಭಾಗಿಸಿದ ಫಲವು.

ಸಮಾಂತರ ರೇಖೆಗಳ ಇಳಿಜಾರುಗಳು ಸಮವೆಂದು ಬಾಲಕರು ಕಂಠಪಾಠ ಮಾಡುವರು. ಏತಕ್ಕೆಂದು ಕೇಳುವವರು ವಿರಳ. ಅಂತಹ ರೇಖೆಗಳು ಅಡ್ಡ ಅಕ್ಷದೊಡನೆ ಸಮಕೋನಗಳನ್ನುಂಟುಮಾಡುವುವು. ಆದಕಾರಣ ಅವುಗಳ ಮೇಲೆ ರಚಿಸಿದ ಲಂಬಕೋನ ತ್ರಿಭುಜಗಳು ಸಮರೂಪವಾಗಿ, ಕೋಟಿಭುಜಗಳ ನಿಷ್ಪತ್ತಿಯು ಒಂದೇ ಆಗುವುದು.

3ಕ್ಷ + 4ಯ = 12 ಎಂಬುದನ್ನು ತೆಗೆದುಕೊಳ್ಳೋಣ. ‘ಯ’ವನ್ನು ಬೇರ್ಪಡಿಸಿದರೆ ಯ = −(3/4)ಕ್ಷ + 3 ಆಗುವುದು; ಇಳಿಜಾರು −3/4. ಹನ್ನೆರಡರ ಸ್ಥಾನದಲ್ಲಿ 20ನ್ನಿಟ್ಟರೆ ರೇಖೆಯು ಲಂಬಾಕ್ಷವನ್ನು 3ಕ್ಕೆ ಬದಲಾಗಿ 5ರಲ್ಲಿ ಛೇದಿಸುವುದು, ಇಳಿಜಾರಾದರೋ ಕದಲದು. ನೆಲೆ ಬೇರೆಯಾದರೂ ದಿಕ್ಕು ಒಂದೇ.

ಇನ್ನು ನೆಟ್ಟನೆ ನಿಂತ ರೇಖೆಗಳಿಗೆ ಭುಜವು ಸೊನ್ನೆ. ಸೊನ್ನೆಯಿಂದ ಭಾಗಿಸಲಾಗದುದರಿಂದ ಅವುಗಳಿಗೆ ಇಳಿಜಾರೇ ಇಲ್ಲ. ಆದರೂ ಅವು ಪರಸ್ಪರ ಸಮಾಂತರವೇ ಸರಿ. ಸೂತ್ರವೊಂದನ್ನೇ ನೆಚ್ಚಿದ ವಿದ್ಯಾರ್ಥಿಯು ಇಲ್ಲಿ ಎಡವುವನು. ಕೋನದ ಸಮತ್ವವನ್ನು ಮನಗಂಡವನಿಗೆ ದಾರಿ ತಪ್ಪದು. ಉಪಾಧ್ಯಾಯರು ಸೂತ್ರಕ್ಕೆ ಮುನ್ನ ಕಾರಣವನ್ನು ಬೋಧಿಸುವುದು ಇದಕ್ಕಾಗಿಯೇ ಶ್ರೇಯಸ್ಕರವು.