ಎಲ್ಲಾ ಚೀಲ ನಾವ ಹೊರಬೇಕೇನು?

ಅಕ್ಕಾರ, ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿ ನೋಡೀರಲ್ಲ? ದಲಾಲಿ ಅಂಗಡಿ ಸಾಹುಕಾರ ಲೆಕ್ಕ ಬರಕೋತ ಕುಂತಿರ್ತಾನ, ಚೀಲ ಹೊರಾವ್ರು ಹಮಾಲರು. ಸಾಹುಕಾರನ ಒಂದೊಂದ ಚೀಲ ಹೊತಗೊಂಡ ಅಡ್ಡಾಡಿದ್ರ ಲೆಕ್ಕ ಬರಿಯೋರು ಯಾರು? ಹಳೇ ಕಂಪ್ಯೂಟರಿನ ಹೊಟ್ಟಿಯೊಳಗೂ ಹಿಂಗ ಐತಿ ಅಂತ ರಾಣೆಬೆನ್ನೂರಾಗ ಕಂಪ್ಯೂಟರ್ ರಿಪೇರಿ ಮಾಡೋ ನನ್ನ ತಂಗಿ ಮಗ ಹೇಳಿದ. ನನಗ ಭಾಳ ಹಿಡಿಸ್ತು.

ಅಲ್ಲಿ ಸಾಹುಕಾರ ಅಂದ್ರ ಸಿಪಿಯು. ಫ್ಲಾಪಿಯೊಳಗಿನ ಮಾಹಿತಿ ಮೆಮೊರಿಗೆ ಬರಬೇಕಂದ್ರ ಒಂದೊಂದ ಬೈಟನ್ನೂ ಅದ ಎತ್ತಿ ಇಡಬಹುದು. ಆದ್ರ ಅಲ್ಲೀತನಕ ಬ್ಯಾರೆ ಕೆಲಸ ನಿಂತಬಿಡತಾವು. ಅದಕ್ಕ 1981ರ ಐಬಿಎಂ ಪೀಸಿಯೊಳಗ ಇಂಟೆಲ್‌ನವರ 8237 ಅನ್ನೋ ಚಿಪ್ಪು ಇಟ್ಟಿದ್ರು. ಅದು ಹಮಾಲ. ಅದರ ಕೆಲಸಕ್ಕ ಡೈರೆಕ್ಟ್ ಮೆಮೊರಿ ಆಕ್ಸೆಸ್, ಸಣ್ಣಾಗಿ ಡಿಎಂಎ ಅಂತಾರ. ಅದಕ್ಕ ನಾಕು ಚಾನೆಲ್, ಫ್ಲಾಪಿಗೆ 2ನೇದು. 1984ರ ಪೀಸಿ ಎಟಿಯೊಳಗ ಇಂಥಾ ಚಿಪ್ಪು ಎರಡಾದುವು.

ಸಿಪಿಯು ಮೊದಲ ಮೂರು ಮಾತು ಹೇಳತೈತಿ: ಮೆಮೊರಿಯೊಳಗ ಎಲ್ಲಿಂದ ಶುರು, ಎಷ್ಟು ಬೈಟು, ಒಳಗ ತರೋದೋ ಹೊರಗ ಒಯ್ಯೋದೋ. ಆಮ್ಯಾಲೆ ತನ್ನ ಕೆಲಸಕ್ಕ ಹತ್ತತೈತಿ. ಮೆಮೊರಿಗೆ ಹೋಗೋ ದಾರಿ ಒಂದ. ಅದಕ್ಕ ಬಸ್ ಅಂತಾರ, ನಮ್ಮ ಹಾವೇರಿ ಬಸ್ಸಲ್ಲ ಮತ್ತ! ಒಂದು ಬೈಟು ಬಂದಕೂಡಲೇ 8237 “ದಾರಿ ಬಿಡ್ರಿ” ಅಂತೈತಿ. ಸಿಪಿಯು ಒಂಚೂರು ಸರದ ನಿಲ್ಲತೈತಿ, ಬೈಟು ಹೋಗಿ ತನ್ನ ಜಾಗಾದಾಗ ಕುಂದರತೈತಿ, ದಾರಿ ತಿರುಗಿ ಸಿಗತೈತಿ. ಎಲ್ಲಾ ಮುಗದ ಮ್ಯಾಲೆ “ಆತ್ರೀ” ಅಂತ ಒಂದ ಕೂಗು ಬರತೈತಿ, ಅದು ಇಂಟರಪ್ಟ್. ನಡುವ ಹೋಗಿ “ಆತೇನು, ಆತೇನು” ಅಂತ ಕೇಳೋ ಜರೂರ ಇಲ್ಲ.

ಇದನ್ನ ಕೇಳಿದಾಗ ನಮ್ಮ ಅತ್ತಿಯವರು ನೆನಪಾದ್ರು. ನಾನು ಈ ಮನಿಗೆ ಬಂದ ಮೊದಲನೇ ಬ್ಯಾಸಿಗ್ಯಾಗ ಮಸಾಲಿ ಖಾರದ ಕೆಲಸ ನನಗ ಒಪ್ಪಿಸಿದ್ರು. ಮೆಣಸಿನಕಾಯಿ ಎಷ್ಟು, ಕೊಬ್ಬರಿ ಎಷ್ಟು, ಯಾವ ಭರಣಿಗೆ ತುಂಬಬೇಕು, ಅಷ್ಟ ಹೇಳಿ ಪಡಸಾಲಿಗೆ ಹೋಗಿ ಕುಂತ್ರು. ಒಮ್ಮೆನೂ ಬಂದು ಇಣುಕಲಿಲ್ಲ. ನಾ ಖಾರ ಕಲಸೋ ಮುಂದ ಅಡಗಿಮನಿ ನನಗ ಬಿಟ್ಟಕೊಟ್ಟಿದ್ರು. ಈ ಮನಿ ನಂದು ಅಂತ ನನಗ ಮೊದಲ ಅನಿಸಿದ್ದು ಅವತ್ತ.

ಎಷ್ಟೋ ಮನ್ಯಾಗ ಸೊಸಿಗೆ ಕೆಲಸ ಹೇಳ್ತಾರ, ಆದ್ರ ಒಲಿ ಮುಂದಿಂದ ಸರಿಯೂದಿಲ್ಲ. ಹಂಗಾದ್ರ ಇವರ ನಡಾನೂ ನೋಯತೈತಿ, ಆಕಿ ಕೈಯೂ ಪಳಗೂದಿಲ್ಲ. ನಮ್ಮ ಮನಿಗೂ ಈಗ ಸೊಸಿ ಬಂದಾಳ. ಈ ವರ್ಷದ ಖಾರ ಆಕೀದ. ಭರಣಿ ತೊಳದ ಒಣಗಿಸಿ ಇಟ್ಟೀನಿ. ನಾ ಪಡಸಾಲ್ಯಾಗ ಇರ್ತೀನಿ.