ರಂಗಭೋಗದ ಬಾಕಿ

ಗದಗಿನ ಬಸ್ ಸ್ಟ್ಯಾಂಡಿನಲ್ಲಿ "ಪುಲಿಗೆರೆ ಬಸ್ ಎಷ್ಟೊತ್ತಿಗ್ರಿ?" ಎಂದೆ. "ಅಂಥಾ ಊರಿಲ್ರೀ ಈ ಲೈನಿನ್ಯಾಗ" ಎಂದರು ಪಕ್ಕದವರು. ಲಕ್ಷ್ಮೇಶ್ವರ ಎಂದೊಡನೆ ಬಸ್ಸನ್ನೇ ಕೈಮಾಡಿ ತೋರಿಸಿದರು. 10ನೇ ಶತಮಾನದಲ್ಲಿ ಪಂಪ ಹೊಗಳಿದ ತಿರುಳ್ಗನ್ನಡದ ಊರಿಗೆ ಈಗ ಅದೇ ಬೋರ್ಡು.

ಅಲ್ಲಿನ ಸೋಮೇಶ್ವರ ಗುಡಿ 11ನೇ ಶತಮಾನದ್ದು, ಕಲ್ಯಾಣದ ಚಾಲುಕ್ಯರ ಕಾಲದ ಕೆಲಸ. ಕೋಟೆಯಂಥ ಪೌಳಿ, ಒಳಗೆ ಮೆಟ್ಟಿಲ ಬಾವಿ. ಗರ್ಭಗುಡಿಯಲ್ಲಿ ಲಿಂಗದ ಬದಲು ನಂದಿಯ ಮೇಲೆ ಕೂತ ಶಿವ-ಪಾರ್ವತಿ. ಜೈನರ ಮನೆಯ ಪದ್ಮಾವತಿಯನ್ನು ಮದುವೆಯಾದ ಶಿವಭಕ್ತ ಆದಯ್ಯ, ಮಾವನ ಮನೆಯವರೊಡನೆ ಹಟ ತೊಟ್ಟು ಸೌರಾಷ್ಟ್ರಕ್ಕೇ ಹೋಗಿ ಸೋಮನಾಥನನ್ನು ಕರೆತಂದನಂತೆ. ಹರಿಹರ ಅವನ ಮೇಲೊಂದು ರಗಳೆಯನ್ನೇ ಬರೆದ. ಮಾವನ ಮನೆಯ ಜಗಳದಿಂದ ಊರಿಗೆ ಲಾಭವಾದದ್ದು ಇದೊಂದೇ ಇದ್ದೀತು! ಶಂಖ ಬಸದಿಯೂ ಅದೇ ಊರಲ್ಲಿ ನಿಂತಿದೆ, ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿಯೂ ಇದೆ.

ನಾನು ಮೊದಲು ಕಂಡಾಗ ಗುಡಿಯ ಬಿರುಕುಗಳಲ್ಲಿ ಗಿಡ ಬೆಳೆದಿದ್ದವು. ಇನ್ಫೋಸಿಸ್ ಪ್ರತಿಷ್ಠಾನ ಜೀರ್ಣೋದ್ಧಾರ ಮಾಡಿಸಿತು. ಆಮೇಲೆ ಪೌಳಿಯಲ್ಲೇ ಮೂರು ದಿನಗಳ ಪುಲಿಗೆರೆ ಉತ್ಸವ ಶುರುವಾಯಿತು. ಹಾಡು, ವಾದ್ಯ, ನೃತ್ಯ. ಗುಡಿಯಲ್ಲಿ ಕಛೇರಿ ಎಂದರೆ ಹೊಸ ಶೋಕಿ ಎಂದು ಮೂಗು ಮುರಿಯುವವರು ಚಾಲುಕ್ಯರ ಶಾಸನಗಳನ್ನು ಓದಬೇಕು. ದತ್ತಿ ಬಿಟ್ಟಲ್ಲೆಲ್ಲ 'ಅಂಗಭೋಗ ರಂಗಭೋಗ' ಎಂಬ ಜೋಡಿಮಾತು. ಅಂಗಭೋಗವೆಂದರೆ ದೇವರ ಪೂಜೆ, ಅಲಂಕಾರ. ರಂಗಭೋಗವೆಂದರೆ ಅವನ ಮುಂದಿನ ಹಾಡು, ಕುಣಿತ. ಅದಕ್ಕೆಂದೇ ಹೊಲ, ತೋಟ ಬಿಟ್ಟುಕೊಟ್ಟಿದ್ದರು. ಕಡೆದ ಕಂಬಗಳ ನಡುವಿನ ರಂಗಮಂಟಪಕ್ಕೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ನಾವು ಈಗ ತೀರಿಸುತ್ತಿರುವುದು ಹಳೇ ಬಾಕಿ.

ಒಂದು ಮುಂಜಾನೆ ತಂಬೂರಿ ಶ್ರುತಿ ಹಿಡಿದಿತ್ತು. ಪಕ್ಕದಲ್ಲಿ ರುಮಾಲಿನ ಅಜ್ಜ, ಕಣ್ಣು ಮುಚ್ಚಿ ಕೂತಿದ್ದರು.

"ಯಾವ ರಾಗರೀ, ಅಜ್ಜಾರ?"

"ಭೈರವ ಅಲ್ಲೇನ್ರೀ! ಮುಂಜಾನ್ಯಾಗ ಯಮನ್ ಹಾಡ್ತಾರೇನು?"

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳನ್ನು ಎದುರಿಗೇ ಕೂತು ಕೇಳಿದವರಂತೆ. ನಾನು ತೆಪ್ಪಗಾದೆ.

ನನ್ನದೊಂದೇ ತಕರಾರು, ಧ್ವನಿವರ್ಧಕದ್ದು. ಇಷ್ಟು ಸಣ್ಣ ಪೌಳಿಗೆ ಅಷ್ಟು ದೊಡ್ಡ ಪೆಟ್ಟಿಗೆ ಯಾಕೆ? ಆಲಾಪಕ್ಕಾದರೂ ಅದನ್ನು ಆರಿಸಿ, ಕಲ್ಲು ಹೇಗೆ ಕೇಳಿಸುತ್ತದೋ ನೋಡಬಾರದೇ?

ಗದಗಿನಿಂದ ಸುಮಾರು 40 ಕಿ.ಮೀ. ಉತ್ಸವವಿಲ್ಲದ ದಿನವೂ ಒಮ್ಮೆ ಹೋಗಿ ಬನ್ನಿ. ಬಸ್ಸಿಗೆ ಲಕ್ಷ್ಮೇಶ್ವರ ಎಂದೇ ಕೇಳಿ.