ವರ್ಷಕ್ಕೊಂದು ಮಾತು

ಯುಗಾದಿಯ ದಿನ ಪಂಚಾಂಗ ಶ್ರವಣಕ್ಕೆ ಕೂಡುವ ನಮ್ಮ ನೆರೆಯವರಿಗೆ, ಡಿಸೆಂಬರ್ 31ರ ರಾತ್ರಿ ಕ್ರೈಸ್ತರಾದ ನಾವು ಮಾಡುವುದೇನೆಂಬುದು ಅಷ್ಟಾಗಿ ತಿಳಿದಿರಲಾರದು. ಹೆಚ್ಚುಕಡಿಮೆ ನಾವು ಮಾಡುವುದೂ ಅದನ್ನೇ. ಮಳೆ ಬೆಳೆ, ಆದಾಯ ವ್ಯಯ ನಮಗೆ ಗೊತ್ತಾಗುವುದಿಲ್ಲ, ಅಷ್ಟೆ. ವರ್ಷಾಂತ್ಯದ ಆರಾಧನೆ ಮುಗಿದು ಹನ್ನೆರಡು ಹೊಡೆದ ಮೇಲೆ, ಹಸ್ತಲಾಘವ ಕೇಕುಗಳ ನಡುವೆ ಒಂದು ತಟ್ಟೆ ಬರುತ್ತದೆ. ಅದರ ತುಂಬ ಪುಟ್ಟ ಪುಟ್ಟ ಕಾರ್ಡುಗಳು. ಒಂದೊಂದರಲ್ಲಿಯೂ ಸತ್ಯವೇದದ ಒಂದೊಂದು ವಾಕ್ಯ. ಕಣ್ಣು ಮುಚ್ಚಿ ಒಂದನ್ನೆತ್ತಬೇಕು. ಅದೇ ಆ ವರ್ಷದ ವಾಗ್ದಾನ.

ಈ ತಟ್ಟೆಯಲ್ಲಿ ಯೋಬನ ಗೋಳಾಗಲಿ ಯೆರೆಮೀಯನ ಎಚ್ಚರಿಕೆಯಾಗಲಿ ಇರುವುದಿಲ್ಲ. ಎಲ್ಲವನ್ನೂ ಮೊದಲೇ ಸೋಸಿ ಇಟ್ಟಿರುತ್ತಾರೆ. ಹಾಗಿದ್ದೂ, ಬಂದದ್ದು ಮನಸ್ಸಿಗೆ ಒಪ್ಪದಿದ್ದರೆ ಮೆಲ್ಲಗೆ ಹಿಂದಿಟ್ಟು ಇನ್ನೊಂದನ್ನೆತ್ತುವ ಹಿರಿಯರನ್ನು ನಾನು ಕಂಡಿದ್ದೇನೆ. ಹೆಸರು ಹೇಳುವುದಿಲ್ಲ.

ಪದ್ಧತಿಯ ಬೇರು ಹಳೆಯದು. ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನಲ್ಲಿ, ತನ್ನ ಆಶ್ರಯ ಪಡೆದಿದ್ದ ಮೊರೇವಿಯನ್ ಭಕ್ತರಿಗೆ ಜಿಂಜೆಂಡಾರ್ಫ್ ಎಂಬ ಶ್ರೀಮಂತನು 1728ರಲ್ಲಿ ದಿನಕ್ಕೊಂದು ಮಾತು ಕೊಡತೊಡಗಿದನು. 1731ರಿಂದ ಅದು ಪುಸ್ತಕವಾಗಿ ವರ್ಷ ವರ್ಷವೂ ಅಚ್ಚಾಗುತ್ತಿದೆ. ವಾಕ್ಯಗಳನ್ನು ಇಂದಿಗೂ ಚೀಟಿಯೆತ್ತಿಯೇ ಗೊತ್ತುಮಾಡುತ್ತಾರೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರೂ ಅಂಥದೇ ಭಕ್ತಿಪರಂಪರೆಯವರು. ಅಷ್ಟೇಕೆ, ಯೂದನ ಸ್ಥಾನಕ್ಕೆ ಅಪೊಸ್ತಲರು ಚೀಟಿ ಹಾಕಿಯೇ ಅಲ್ಲವೆ ಮತ್ತೀಯನನ್ನು ತೆಗೆದುಕೊಂಡದ್ದು? ಆಮೇಲೆ ಸತ್ಯವೇದದಲ್ಲಿ ಮತ್ತೀಯನ ಸುದ್ದಿಯೇ ಇಲ್ಲವೆಂಬುದು ಬೇರೆ ಮಾತು.

ಈಚೆಗೆ ಹೊಸದೊಂದು ರೂಢಿ ಬಂದಿದೆ. ವಾಕ್ಯವೂ ಬೇಡ, ಒಂದೇ ಪದ. ಎತ್ತುವುದಲ್ಲ, ತಾವೇ ಆರಿಸಿಕೊಳ್ಳುವುದು. ನನ್ನ ಮಗಳು ‘ಕೃಪೆ’ ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ನನಗೇನೋ ಇದು ರೋಗಿಯೇ ತನ್ನ ಔಷಧಿಯ ಚೀಟಿ ಬರೆದುಕೊಂಡಂತೆ ಕಾಣುತ್ತದೆ. ಯಾರು ತಾನೇ ಕಹಿ ಔಷಧಿ ಬರೆದುಕೊಂಡಾರು?

ಆದರೆ ಕಳೆದ ಜನವರಿ 1ರ ಬೆಳಿಗ್ಗೆ, ಕೆಂಗೇರಿ ಉಪನಗರದ ನಮ್ಮ ಮನೆಯಲ್ಲಿ ಅಕ್ಕನೂ ಪದವೊಂದನ್ನು ಆರಿಸಿದಳು. ಅಕ್ಕನಿಗೆ ಎಪ್ಪತ್ತಾರು. ಮೂತ್ರಪಿಂಡಗಳು ಸೋತು, ವಾರಕ್ಕೆ ಮೂರು ದಿನ ಡಯಾಲಿಸಿಸ್. ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಮೈಸೂರು ರಸ್ತೆಯ ಗದ್ದಲದಲ್ಲಿ ಹೋಗಿಬರುವ ಹೊತ್ತು ಬೇರೆ. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂದಿತೇನೋ ನಿಜ, ಆದರೆ ಹಿಂದಿರುಗುವಾಗ ನಿಲ್ದಾಣದ ಉದ್ದಕ್ಕೆ ನಡೆಯುವ ತ್ರಾಣ ಅವಳಿಗಿರುವುದಿಲ್ಲ. ರಾತ್ರಿಯ ಆರಾಧನೆಗೂ ಬರಲಾಗಿರಲಿಲ್ಲ. ಅವಳ ಪರವಾಗಿ ನಾನೇ ಕಾರ್ಡೆತ್ತಿ ತಂದಿದ್ದೆ. 91ನೆಯ ಕೀರ್ತನೆಯದು, ದೀರ್ಘಾಯುಷ್ಯದ ಮಾತು.

ಅಕ್ಕ ಅದನ್ನು ಓದಿ, ಕನ್ನಡಕದ ಡಬ್ಬಿಯ ಕೆಳಗಿಟ್ಟಳು. “ನನಗೆ ಕಾರ್ಡು ಬೇಡ ಕಣೋ. ನಿನ್ನ ಮಗಳ ಹಾಗೆ ನನಗೂ ಒಂದು ಪದ ಇರಲಿ. ‘ಸಾಕು’ ಅಂತ ಬರಿ.”

ನನ್ನ ಕೈ ಪೆನ್ನಿಗೆ ಹೋಗಲಿಲ್ಲ. ಎಲೆಗೆ ಕೈ ಅಡ್ಡ ಹಿಡಿದು, ತೃಪ್ತನಾದವನು ಹೇಳುವುದು ಸಾಕು; ಬೇಸತ್ತವನು ಹೇಳುವುದೂ ಸಾಕು. ಅಕ್ಕ ಹೇಳುತ್ತಿರುವುದು ಯಾವುದು? ಡಯಾಲಿಸಿಸ್ ನಿಲ್ಲಿಸಿದರೆ ಏನಾಗುವುದೆಂದು ವೈದ್ಯರು ನಮಗೆ ಮುಚ್ಚಿಟ್ಟಿರಲಿಲ್ಲ.

ನನ್ನ ಮುಖ ನೋಡಿ ಅವಳಿಗೆ ಅರ್ಥವಾಯಿತೆಂದು ತೋರುತ್ತದೆ. “ಪೌಲನಿಗೆ ಸಿಕ್ಕಿತಲ್ಲ, ಆ ಸಾಕು” ಎಂದಳು. ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯೆಂದು ಪೌಲನು ಮೂರು ಸಲ ಬೇಡಿಕೊಂಡನು. ಮುಳ್ಳು ಹೋಗಲಿಲ್ಲ. ಬಂದ ಉತ್ತರದಲ್ಲಿ ಈ ಪದವಿತ್ತು.

ಕನ್ನಡದಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆಯಲ್ಲ! ಹಸು ಸಾಕು, ಮಗು ಸಾಕು. ಅಮ್ಮ ತೀರಿಕೊಂಡಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿಮೂರು. ನನ್ನನ್ನು ಸಾಕಿದವಳು ಅವಳೇ. ಈಗ ಅವಳ ಮಾತ್ರೆ, ಅಳೆದು ಕುಡಿಸುವ ನೀರು, ಉಪ್ಪಿಲ್ಲದ ಸಾರು ಎಲ್ಲ ನನ್ನ ಪಾಲಿಗೆ ಬಂದಿದೆ. ಇದನ್ನು ನಾನು ಅವಳಿಗೆ ಹೇಳಲಿಲ್ಲ. ವ್ಯಾಕರಣ ಅವಳಿಗೆ ಹಿಡಿಸುವುದಿಲ್ಲ.

ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಕೊಡುವಾಗ ಕೇಳಿಯೇಬಿಟ್ಟೆ: “ಹಾಗಾದರೆ ನಾಳೆ ಹೋಗುವುದು?”

“ಹೋಗದೆ?” ಎಂದಳು ಅಕ್ಕ. “ಆರು ಗಂಟೆಗೇ ಆಟೋದವನಿಗೆ ಹೇಳು. ತಡವಾದರೆ ಕಿಟಕಿ ಪಕ್ಕದ ಹಾಸಿಗೆ ಬೇರೆಯವರ ಪಾಲಾಗುತ್ತೆ.”